ಸಾಲಿನಮ್ಮ ಸಾಲಿಗೆ ಬಂದದ್ದು

ನಮ್ಮ ಸಂಸ್ಥೆಯ ಹಳೆಯ ಕಂಪ್ಯೂಟರ್ ಕ್ಲಸ್ಟರನ್ನು ಶುಕ್ರವಾರ ಶಾಶ್ವತವಾಗಿ ಆರಿಸುವುದೆಂದು ತೀರ್ಮಾನವಾದ ವಾರದಲ್ಲೇ, ಅದನ್ನು ವರ್ಷಗಟ್ಟಲೆ ಸಾಕಿ ಸಲಹಿದ ಮೇಡಂ ಮೊದಲ ಬಾರಿಗೆ ತಮ್ಮದೇ ಒಂದು ಕೆಲಸ ಹಿಡಿದುಕೊಂಡು ಅದರ ಸಾಲಿನಲ್ಲಿ ಬಂದು ನಿಂತರು. ಅಷ್ಟರಲ್ಲಿ ಅವರು ನಿವೃತ್ತರಾಗಿ ಎರಡು ವರ್ಷವಾಗಿತ್ತು. ಶುಕ್ರವಾರದೊಳಗೆ ಓಡಿ ಮುಗಿದರೆ ಮುಗಿಯಿತು, ಇಲ್ಲವಾದರೆ ಇನ್ನೆಂದೂ ಇಲ್ಲ. ಹೊಸ ಮೆಷಿನ್ನು ಬೇರೆ ಊರಿನಲ್ಲಿದೆ, ಅದರ ಬಾಗಿಲು ಕೆಲಸದಲ್ಲಿ ಇರುವವರಿಗೆ ಮಾತ್ರ ತೆರೆಯುತ್ತದೆ. ಆ ವಾರ ಏನಾಯಿತು ಎಂದು ಹೇಳಲೇಬೇಕು. ಆದರೆ ಅವರು ಎಂಥವರು ಎಂದು ಮೊದಲು ಹೇಳದಿದ್ದರೆ ಅದಕ್ಕೆ ಅರ್ಥವೇ ಇರುವುದಿಲ್ಲ. ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಬೈಯುತ್ತಾರೆ, ಬೈಯುವ ಶಕ್ತಿ ಇನ್ನೂ ಚೆನ್ನಾಗಿಯೇ ಇದೆ.

ಎದುರಿಗೆ ಎಲ್ಲರೂ ಮೇಡಂ ಎನ್ನುತ್ತಿದ್ದರು. ಬೆನ್ನ ಹಿಂದೆ ಸಾಲಿನಮ್ಮ. ಊರ ಬಾಗಿಲಲ್ಲಿ ಕೂತು ಒಳಗೆ ಬರುವವರನ್ನೆಲ್ಲ ಕಣ್ಣು ಬಿಟ್ಟು ನೋಡುವ ದೇವತೆಗೆ ಇಡುವಂಥ ಹೆಸರು. ಅದು ಅವರ ಕಿವಿಗೂ ಬಿದ್ದಿತ್ತು. ಒಂದು ದಿನ ಕ್ಯಾಂಟೀನಿನಲ್ಲಿ ನಮ್ಮ ಪಕ್ಕ ಬಂದು ಕೂತು, "ಅಮ್ಮ ಅಂತೀರ, ವರ್ಷಕ್ಕೊಂದ್ಸಲನಾದ್ರೂ ತಂಬಿಟ್ಟು ಮಾಡಿ ತಂದಿದ್ದೀರೇನ್ರೇ?" ಎಂದರು. ಮರುದಿನ ಯಾರೋ ನಿಜವಾಗಿಯೂ ತಂದರು. ಅವರು ಒಂದು ಚೂರೂ ಬಿಡದೆ ತಿಂದರು.

ಕ್ಲಸ್ಟರ್ ಎಂದರೆ ಒಂದು ಕೋಣೆಯ ತುಂಬ ಕಪಾಟು, ಕಪಾಟಿನ ತುಂಬ ಮೆಷಿನ್ನು, ಎಲ್ಲವೂ ಸೇರಿ ದೊಡ್ಡ ದೊಡ್ಡ ಲೆಕ್ಕ ಮಾಡುತ್ತವೆ. ಅದರ ಮುಂದೆ ಯಾರೂ ಕೂರುವುದಿಲ್ಲ. ನಮ್ಮ ನಮ್ಮ ಮೇಜಿನಿಂದಲೇ ಒಂದು ಕಮಾಂಡ್ ಟೈಪ್ ಮಾಡಿ ಕೆಲಸ ಕಳಿಸುತ್ತೇವೆ. ಎಷ್ಟು ಮೆಷಿನ್ ಬೇಕು, ಎಷ್ಟು ಹೊತ್ತು ಬೇಕು, ಎಷ್ಟು ಮೆಮೊರಿ ಬೇಕು, ಬಂದ ಉತ್ತರವನ್ನು ಎಲ್ಲಿ ಬರೆಯಬೇಕು ಎಂಬುದನ್ನೆಲ್ಲ ಆ ಕಮಾಂಡಿನ ಬಾಲಕ್ಕೆ ಎರಡೆರಡು ಅಡ್ಡಗೆರೆ ಹಾಕಿ ಕಟ್ಟಬೇಕು. ಅವಕ್ಕೆ ಆಪ್ಷನ್ ಎಂದು ಹೆಸರು. ಎಂಟರ್ ಒತ್ತಿದರೆ ಕೆಲಸ ಹೋಗಿ ಸಾಲಿನಲ್ಲಿ ನಿಲ್ಲುತ್ತದೆ. ಜಾಗ ಆದಾಗ ಒಳಗೆ ಕರೆಯುತ್ತಾರೆ. ಕೇಳಿದ ಹೊತ್ತಿನೊಳಗೆ ಮುಗಿಸದಿದ್ದರೆ, ಮುಕ್ಕಾಲು ಲೆಕ್ಕ ಆಗಿದ್ದರೂ ಸರಿಯೇ, ಮುಲಾಜಿಲ್ಲದೆ ಹೊರಗೆ ಹಾಕುತ್ತಾರೆ.

ಬೇರೆ ಕಡೆ ಈ ಆಪ್ಷನ್ನುಗಳನ್ನು ಹಿಂದಿನವರಿಂದ ನಕಲು ಮಾಡಿಕೊಳ್ಳುವುದು ಪದ್ಧತಿ. ಮೇಡಂ ಹತ್ತಿರ ಅದು ನಡೆಯುತ್ತಿರಲಿಲ್ಲ. ಹೊಸದಾಗಿ ಬಂದವರು ಅವರ ಮೇಜಿನ ಮುಂದೆ ನಿಂತು, ತಾವು ಹಾಕುವ ಕಮಾಂಡನ್ನು ಬಾಯಲ್ಲಿ ಹೇಳಬೇಕಿತ್ತು. ನಾನು ರಸಾಯನಶಾಸ್ತ್ರದ ಸಂಶೋಧನೆಗೆಂದು ಸೇರಿದ ಹೊಸತರಲ್ಲಿ ಹಾಗೆಯೇ ನಿಂತಿದ್ದೆ.

"ಎಷ್ಟೊತ್ತು ಬೇಕು?"

"ಮೂರು ದಿನ ಮೇಡಂ." ಕೊಡುವುದರಲ್ಲಿ ಅದೇ ಗರಿಷ್ಠ. ನನ್ನ ಸೀನಿಯರ್ ಅದನ್ನೇ ಹಾಕುತ್ತಿದ್ದ.

"ನಿನ್ ಕೆಲ್ಸಕ್ಕೆ ಮೂರು ದಿನ ಆಗುತ್ತಾ?"

"ಗೊತ್ತಿಲ್ಲ ಮೇಡಂ. ಜಾಸ್ತಿ ಕೇಳಿದ್ರೆ ನಷ್ಟ ಏನು?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅದು ಕೆಟ್ಟ ಸೂಚನೆ ಎಂದು ನನಗೆ ಆಗ ತಿಳಿದಿರಲಿಲ್ಲ. "ಸರಿ, ಅಂಗೇ ಹಾಕು, ಹೋಗು," ಎಂದಷ್ಟೇ ಹೇಳಿದರು.

ಹಾಕಿದೆ. ನನ್ನ ಕೆಲಸ ಸಾಲಿನಲ್ಲಿ ನಿಂತೇ ಇತ್ತು. ನನ್ನ ಹಿಂದೆ ಬಂದವರದ್ದೆಲ್ಲ ನನ್ನ ಮುಂದೆಯೇ ಒಳಗೆ ಹೋಗಿ, ಮುಗಿಸಿಕೊಂಡು ಹೊರಗೆ ಬರುತ್ತಿತ್ತು. ಎರಡನೇ ದಿನಕ್ಕೆ ನನ್ನ ಪಿತ್ತ ನೆತ್ತಿಗೇರಿತು. ಇದೇನು ಪಕ್ಷಪಾತ ಎಂದು ಕೇಳಲು ಅವರ ಕೋಣೆಗೆ ನುಗ್ಗಿದೆ. ಅವರು, "ಭಾನುವಾರ ಬೆಳಿಗ್ಗೆ ಸರಸ್ವತಿಪುರಂಗೆ ಬಾ, ದೋಸೆ ತಿನ್ನೋಣ," ಎಂದರು.

ಭಾನುವಾರದ ಹೋಟೆಲು ಹೇಗಿರುತ್ತದೆಂದು ಮೈಸೂರಿನವರಿಗೆ ಹೇಳಬೇಕಾಗಿಲ್ಲ. ಬಾಗಿಲ ಹೊರಗೂ ಜನ. ನಮ್ಮ ಮುಂದೆ ಒಂದು ದೊಡ್ಡ ಸಂಸಾರ ನಿಂತಿತ್ತು. ಅಜ್ಜಿ, ಮಕ್ಕಳು, ಮೊಮ್ಮಕ್ಕಳು, ಎಲ್ಲರೂ ಒಂದೇ ಕಡೆ ಕೂರಬೇಕಂತೆ, ನಿಧಾನವಾಗಿ ಊಟದ ಹೊತ್ತಿನವರೆಗೂ ಕೂರುವ ಉತ್ಸಾಹ. ಹಿಂದಿನಿಂದ ಒಬ್ಬ ಬಂದು, "ಒಂದು ಕಾಫಿ ಅಷ್ಟೇ," ಎಂದು ಸಪ್ಲೈಯರಿಗೆ ಹೇಳಿದ. ಅವನನ್ನು ಮೂಲೆಯ ಒಂದು ಕುರ್ಚಿಗೆ ಕಳಿಸಿದರು. ಅವನು ಕುಡಿದು ಎದ್ದೂ ಬಂದ, ಅಜ್ಜಿಯ ಸಂಸಾರ ಇನ್ನೂ ನಿಂತೇ ಇತ್ತು.

"ಅವನಿಂದ ಇವರಿಗೆ ತಡ ಆಯ್ತಾ?" ಎಂದು ಮೇಡಂ ಕೇಳಿದರು.

"ಇಲ್ಲ. ಮೇಜುಗಳು ಖಾಲಿ ಆಗೋದ್ರೊಳಗೆ ಅವನು ಎದ್ದುಬಿಟ್ನಲ್ಲ."

"ಅಷ್ಟೇ ಕಣಮ್ಮ. ಕಾಫಿ ಕುಡಿಯೋಕ್ ಬಂದೋಳು ಮದ್ವೆ ಊಟದ ಜಾಗ ಕೇಳ್ಕೊಂಡು ನಿಂತಿದ್ದೀಯ. ನಿಂಗೆಷ್ಟು ಬೇಕೋ ಅಷ್ಟು ಕೇಳು. ಕೇಳೋದ್ರಲ್ಲಿ ಸುಳ್ಳಿರಬಾರ್ದು, ಸಂಕೋಚಾನೂ ಇರಬಾರ್ದು."

ಸೋಮವಾರ ನನ್ನ ಕೆಲಸಕ್ಕೆ ನಾಲ್ಕು ಗಂಟೆ ಸಾಕೆಂದು ಲೆಕ್ಕ ಹಾಕಿ, ಐದು ಕೇಳಿದೆ. ಮಧ್ಯಾಹ್ನದೊಳಗೆ ಒಳಗೆ ಹೋಯಿತು. ಆ ದಿನದಿಂದ ನಾನು ಅವರ ಶಿಷ್ಯೆ ಎಂದು ನಾನೇ ಘೋಷಿಸಿಕೊಂಡೆ. ಅವರು ಬೇಡ ಎನ್ನಲಿಲ್ಲ.

ಮೇಡಂ ಎಂದರೆ ನನ್ನ ಕಣ್ಣ ಮುಂದೆ ಬರುವುದು ಬೂದು ಬಣ್ಣದ ಸ್ವೆಟರು. ಮೆಷಿನ್ ಕೋಣೆಯಲ್ಲಿ ಎಸಿ ಸದಾ ಕೊರೆಯುತ್ತಿತ್ತು, ಅದಕ್ಕೆ ಸ್ವೆಟರ್. ಆದರೆ ಒಳಗೆ ಹೊರಗೆ ಓಡಾಡುವಾಗ ಹಾಕುವುದು ತೆಗೆಯುವುದು ಯಾರು ಮಾಡುತ್ತಾರೆ ಎಂದು ಅವರು ಅದನ್ನು ತೆಗೆಯುತ್ತಲೇ ಇರಲಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಬೋಗಾದಿ ರಸ್ತೆಯ ಮೇಲೆ ಸ್ಕೂಟರಿನಲ್ಲಿ ಸ್ವೆಟರ್ ತೊಟ್ಟು, ತಲೆಗೆ ಮಲ್ಲಿಗೆ ಮುಡಿದು ಹೋಗುವ ಹೆಂಗಸನ್ನು ಜನ ತಿರುಗಿ ನೋಡುತ್ತಿದ್ದರು. ಅವರು ಕ್ಯಾರೇ ಅನ್ನುತ್ತಿರಲಿಲ್ಲ.

ಖಾಲಿ ಮೆಷಿನ್ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಬೇರೆಯವರ ಮನೆಯಲ್ಲಿ ನಲ್ಲಿ ಸೋರುತ್ತಿದ್ದರೆ ಎದ್ದು ಹೋಗಿ ತಿರುಗಿಸುವವರು ಇರುತ್ತಾರಲ್ಲ, ಆ ಜಾತಿ. ಎರಡು ಮೆಷಿನ್ ಕೆಲಸವಿಲ್ಲದೆ ಕೂತಿದ್ದರೆ ಸಾಕು, ನಮ್ಮ ಫೋನುಗಳು ಬಡಿದುಕೊಳ್ಳುತ್ತಿದ್ದವು. "ಏನಮ್ಮ, ಸಣ್ ಪುಟ್ ಕೆಲ್ಸ ಏನೂ ಇಲ್ವಾ? ಇಲ್ಲಿ ಖಾಲಿ ಬಿದ್ದವೆ ಕಣೇ, ಕರೆಂಟು ಸುಮ್ನೆ ಹರೀತಾ ಐತೆ. ಹಾಕು, ಹಾಕು!" ಊಟಕ್ಕೆ ಬಡಿಸುವವರು ಬಲವಂತ ಮಾಡುವಂತೆ ಬಲವಂತ ಮಾಡುತ್ತಿದ್ದರು.

ಆಗ ನಮ್ಮ ಸಂಸ್ಥೆಗೆ ಒಬ್ಬ ನಿರ್ದೇಶಕರಿದ್ದರು. ಒಳ್ಳೆಯವರೇ, ಆದರೆ ಅವಸರದವರು. ಯಾರೋ ದೊಡ್ಡವರು ಭೇಟಿಗೆ ಬರುತ್ತಾರೆ, ತಮ್ಮ ತಂಡದ ಲೆಕ್ಕ ನಾಳೆಯೇ ಮುಗಿಯಬೇಕು, ಸಾಲಿನಲ್ಲಿ ಮುಂದಕ್ಕೆ ಹಾಕಿ ಎಂದು ಖುದ್ದು ಮೇಡಂ ಕೋಣೆಗೆ ಬಂದರು. ನಾನು ಅಲ್ಲೇ ಇದ್ದೆ.

"ನಿಮ್ಮ ಕೆಲ್ಸ ಸಾಲಲ್ಲೈತೆ ಸಾರ್. ಸಾಲು ಓಡ್ತಾ ಐತೆ."

"ಅದು ಗೊತ್ತಮ್ಮ. ಮೇಲೆ ಎತ್ತೋ ಪವರ್ ನಿಮಗೆ ಇದೆ ತಾನೇ?"

"ಇದೆ ಸಾರ್. ಅದ್ಕೇ ಮುಟ್ಟಲ್ಲ."

ನಿರ್ದೇಶಕರಿಗೆ ನಗು ಬಂದುಬಿಟ್ಟಿತು. ಕಾದರು. ದೊಡ್ಡವರು ಬಂದು ಹೋದ ಮೇಲೆ ಲೆಕ್ಕ ಮುಗಿಯಿತು, ಯಾರ ತಲೆಯೂ ಹೋಗಲಿಲ್ಲ.

ಇಷ್ಟೇ ಆಗಿದ್ದರೆ ಅವರು ಬರೀ ಕಟ್ಟುನಿಟ್ಟಿನ ಹೆಂಗಸು. ಅದೇ ವರ್ಷ ಇನ್ನೊಂದು ನಡೆಯಿತು. ಜೀವಶಾಸ್ತ್ರದ ಒಬ್ಬಳು ತುಂಬು ಬಸುರಿ. ಹೆರಿಗೆಗೆ ಮೊದಲು ಥೀಸಿಸ್ ಕೊಟ್ಟುಬಿಡಬೇಕೆಂದು ಒದ್ದಾಡುತ್ತಿದ್ದಳು, ಅವಳ ಕೊನೆಯ ಲೆಕ್ಕ ಸಾಲಿನಲ್ಲಿ ಸಿಕ್ಕಿಕೊಂಡಿತ್ತು. ಅವಳಿಗೂ ಮೇಡಂ ಎತ್ತಿಕೊಡಲಿಲ್ಲ. ಬದಲಿಗೆ ಮಧ್ಯಾಹ್ನ ಟಿಫನ್ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಕೋಣೆ ಕೋಣೆಗೆ ಹೊರಟರು.

ಇಲ್ಲಿ ಒಂದು ಆಪ್ಷನ್ ಬಗ್ಗೆ ಹೇಳಬೇಕು. ನೈಸ್ ಎಂದು ಅದರ ಹೆಸರು. ಅದರ ಮುಂದೆ ಒಂದು ಸಂಖ್ಯೆ ಹಾಕಿದರೆ, ನಮ್ಮ ಕೆಲಸವನ್ನು ನಾವೇ ಸಾಲಿನಲ್ಲಿ ಕೆಳಕ್ಕೆ ಇಳಿಸಿಕೊಳ್ಳಬಹುದು. ಸಂಖ್ಯೆ ದೊಡ್ಡದಾದಷ್ಟೂ ಕೆಳಗೆ. ಮೇಲೇರುವುದಕ್ಕೆ ಅಡ್ಮಿನ್, ಅಂದರೆ ಮೇಡಂ, ಬೇಕು, ಇಳಿಯುವುದಕ್ಕೆ ಯಾರ ಅಪ್ಪಣೆಯೂ ಬೇಡ. ಇಂಥದ್ದೊಂದು ಇದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಯಾರಿಗೆ ಬೇಕಿತ್ತು?

"ಒಂದೆರಡು ದಿನಕ್ಕೆ ಇಳೀತೀರಾ?" ಎಂದು ಮೇಡಂ ಪ್ರತಿಯೊಬ್ಬರನ್ನೂ ಕೇಳಿದರು. ಭೌತಶಾಸ್ತ್ರದ ಒಬ್ಬ ಯುವ ಮೇಷ್ಟ್ರು, ಆಗಷ್ಟೇ ಸೇರಿದವನು, ಮುಖ ಸಿಂಡರಿಸಿದ. "ಇಷ್ಟೆಲ್ಲ ಯಾಕೆ ಮೇಡಂ? ನೀವೇ ಅವರದ್ದನ್ನ ಎತ್ತಿ ಮೇಲೆ ಹಾಕ್ಬಿಡಿ, ಒಂದು ನಿಮಿಷದ ಕೆಲಸ."

"ನಾನ್ ಎತ್ತಿದ್ರೆ ಅದು ನನ್ ದೊಡ್ಡಸ್ತಿಕೆ ಆಗುತ್ತೆ ಕಣಪ್ಪ. ನೀನ್ ಇಳಿದ್ರೆ ನಿಂದು. ನಿನ್ ಪಾಲಿಂದು ನಂಗ್ಯಾಕೆ?"

ಅವನು ಗೊಣಗುತ್ತಲೇ ಇಳಿದ. ಎಲ್ಲರೂ ಇಳಿದೆವು. ಅವಳ ಲೆಕ್ಕ ಓಡಿತು, ಥೀಸಿಸ್ಸೂ ಹೋಯಿತು, ಮಗುವೂ ಬಂತು. ಅಲ್ಲಿಂದ ಮುಂದೆ ಇಳಿಯುವುದು ನಮ್ಮಲ್ಲಿ ಪದ್ಧತಿಯೇ ಆಗಿಹೋಯಿತು. ಯಾರಿಗಾದರೂ ತುರ್ತು ಇದೆ ಎಂದು ತಿಳಿದರೆ ಮಿಕ್ಕವರು ಹೇಳಿಸಿಕೊಳ್ಳದೆ ಇಳಿಯುತ್ತಿದ್ದರು. ಬೇರೆ ಸಂಸ್ಥೆಯವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಇಷ್ಟು ವರ್ಷದಲ್ಲಿ ಅವರ ಹೆಸರಿನಲ್ಲಿ ಒಂದೇ ಒಂದು ಕೆಲಸವೂ ಆ ಸಾಲಿನಲ್ಲಿ ನಿಂತಿರಲಿಲ್ಲ. ಅವರಿಗೆ ಸ್ವಂತ ಲೆಕ್ಕ ಯಾವುದೂ ಇಲ್ಲ ಎಂದೇ ನಾನು ತಿಳಿದಿದ್ದೆ. ಒಂದು ಬೇಸಿಗೆಯಲ್ಲಿ ನನ್ನನ್ನು ಬೋಗಾದಿಯ ಬಾಡಿಗೆ ಮನೆಗೆ ಬಿಡಲು ಸ್ಕೂಟರಿನಲ್ಲಿ ಕರೆದುಕೊಂಡು ಹೋಗುವಾಗ, ಹೊಸ ಬಡಾವಣೆಯ ಅಂಚಿನಲ್ಲಿ ಒಣಗಿದ ಒಂದು ಕಟ್ಟೆಯ ಹತ್ತಿರ ಗಾಡಿ ನಿಲ್ಲಿಸಿದರು. ಸೀರೆ ಎತ್ತಿ ಕಟ್ಟಿ, ಕುಕ್ಕರಗಾಲಲ್ಲಿ ಕೂತು, ಕೆಸರಿನ ಬಿರುಕಿನೊಳಗೆ ಬೆರಳಿಟ್ಟರು.

"ನೋಡು ಇಲ್ಲಿ. ಒಂದ್ಸಲ ಒಣಗಿದ್ ಕೆಸರಲ್ಲಿ ಬಿರುಕು ಇಂಗೆ ನೆಟ್ಟಗೆ, ಮೂಲೆ ಹೊಡ್ದಂಗೆ ಸೇರುತ್ತೆ. ಮತ್ತೆ ಮತ್ತೆ ನೆನೆದು ಒಣಗಿದ್ರೆ, ಮೂಲೆ ಹೋಗಿ ಜೇನುಗೂಡಿನಂಗೆ ಆಗ್ತಾ ಹೋಗುತ್ತೆ. ಒಣಗ್ತಾ ಒಣಗ್ತಾ ಕೆಸರೇ ಕಲಿತದೇನೋ ಅನ್ಸುತ್ತೆ."

ಕುಂಬಾರಕೊಪ್ಪಲಿನಲ್ಲಿ ಬೆಳೆದವರು ಅವರು. ಚಿಕ್ಕಂದಿನಿಂದ ಮಣ್ಣು ಒಣಗುವುದನ್ನು ನೋಡಿದ್ದರು. ಎಂಎಸ್‌ಸಿ ಮುಗಿಸಿ ಇದರ ಮೇಲೆಯೇ ಸಂಶೋಧನೆ ಶುರು ಮಾಡಿದ್ದರಂತೆ. ಕೆಸರನ್ನು ಲೆಕ್ಕದಲ್ಲೇ ನೆನೆಸಿ, ಲೆಕ್ಕದಲ್ಲೇ ಒಣಗಿಸಿ, ಜೇನುಗೂಡು ತಾನಾಗಿ ಬರುತ್ತದೆಯೇ ನೋಡಬೇಕು. ಆ ಕಾಲದ ಮೆಷಿನ್ನಿಗೆ ಒಂದು ಸಲ ಒಣಗಿಸುವುದೇ ಕಷ್ಟವಾಯಿತು. ಅಷ್ಟರಲ್ಲಿ ಈ ಉದ್ಯೋಗ ಸಿಕ್ಕಿತು, ಸಂಶೋಧನೆ ನಿಂತಿತು.

"ಆಮೇಲೆ ಮೆಷಿನ್ ದೊಡ್ಡದಾಯ್ತಲ್ಲ ಮೇಡಂ. ನೀವೇ ಅಡ್ಮಿನ್ನು. ಯಾವಾಗ ಬೇಕಾದ್ರೂ ಹಾಕ್ಬಹುದಿತ್ತಲ್ಲ?"

"ಬೀಗದ ಕೈ ಇಟ್ಕೊಂಡೋಳು ಸಾಲಲ್ಲಿ ನಿಲ್ಬಾರ್ದು ಕಣಮ್ಮ. ನಾಳೆ ಬೇಗ ಒಳಗೆ ಹೋದ್ರೆ ಜನ ಏನಂತಾರೆ ಬುಡು, ನಂಗೇ ನನ್ ಮೇಲೆ ಅನುಮಾನ ಬರುತ್ತೆ."

ನಿವೃತ್ತಿಯ ದಿನ ಬೀಗದ ಕೈ ನನಗೆ ಬಂತು. ಅಷ್ಟರಲ್ಲಿ ನಾನು ಪಿಎಚ್‌ಡಿ ಮುಗಿಸಿ ಅವರ ಕೈಕೆಳಗೇ ಕೆಲಸಕ್ಕೆ ಸೇರಿದ್ದೆ. ಹಾರ, ಶಾಲು, ಭಾಷಣ ಎಲ್ಲ ಆದ ಮೇಲೆ ಮೆಷಿನ್ ಕೋಣೆಗೆ ಕರೆದುಕೊಂಡು ಹೋಗಿ ಹೇಳಿದ್ದು ಒಂದೇ ಮಾತು. "ಯಾರಿಗೂ ಎತ್ಬೇಡ. ನಾನೇ ಬಂದು ಕೇಳಿದ್ರೂ ಎತ್ಬೇಡ. ಮಾತು ಕೊಡು." ಕೊಟ್ಟೆ.

ಈಗ ಆ ವಾರಕ್ಕೆ ಬರೋಣ. ಸೋಮವಾರ ಬೆಳಿಗ್ಗೆ ಸಾಲನ್ನು ನೋಡುತ್ತಿದ್ದೇನೆ, ಜಾತ್ರೆಯಂತಿದೆ. ಮೆಷಿನ್ ಆರುವ ಮೊದಲು ತಮ್ಮದೊಂದು ಮುಗಿಸಿಬಿಡೋಣ ಎಂದು ಎಲ್ಲರೂ ನುಗ್ಗಿದ್ದಾರೆ. ಎಲ್ಲದರ ಕೆಳಗೆ, ಕಟ್ಟಕಡೆಯಲ್ಲಿ, ಅತಿಥಿ ಬಳಕೆದಾರರ ಪಟ್ಟಿಯಿಂದ ಒಂದು ಹೆಸರು. ಮೇಡಂ! ಅರ್ಧ ಕ್ಲಸ್ಟರ್ ಬೇಕು, ಎರಡು ದಿನ ಬೇಕು ಎಂದು ಕೇಳಿದ್ದರು. ಅದರ ಜೊತೆಗೆ ನೈಸ್ ಆಪ್ಷನ್ನು, ಹಾಕಬಹುದಾದ ಅತಿ ದೊಡ್ಡ ಸಂಖ್ಯೆಯೊಂದಿಗೆ. ತಕ್ಷಣ ಫೋನ್ ಮಾಡಿದೆ.

"ಮೇಡಂ, ಆ ನೈಸ್ ತೆಗೆದು ಮತ್ತೆ ಹಾಕಿ. ಹೀಗಾದ್ರೆ ನಿಮ್ಮ ಸರದಿ ಬರೋದೇ ಇಲ್ಲ."

"ಮಕ್ಳದ್ದು ಥೀಸಿಸ್ ಇರ್ತವೆ ಕಣಮ್ಮ. ನಂದೇನು, ಇಷ್ಟ್ ವರ್ಷ ಕಾದೈತೆ."

"ಶುಕ್ರವಾರ ಆರಿಸ್ತಾರೆ ಮೇಡಂ. ಆಮೇಲೆ ಇಲ್ಲ."

"ಗೊತ್ತು. ಜಾಗ ಆದ್ರೆ ಓಡ್ಲಿ. ಇಲ್ದಿದ್ರೆ ಆಯ್ತು ಬುಡು."

ಆಯ್ತು ಬುಡು ಎಂದ ಆ ದನಿ ನನಗೆ ಸಹಿಸಲಾಗಲಿಲ್ಲ. ಬಿಡುವ ಹೆಂಗಸಲ್ಲ ಅವರು. ಎತ್ತುವ ಕಮಾಂಡ್ ನನ್ನ ಬೆರಳ ತುದಿಯಲ್ಲಿತ್ತು, ಅರ್ಧ ಟೈಪ್ ಕೂಡ ಮಾಡಿದೆ. ಅಳಿಸಿದೆ. ಕೊಟ್ಟ ಮಾತು ಒಂದು ಕಡೆ ಇರಲಿ, ಎತ್ತಿದ್ದು ಗೊತ್ತಾದರೆ ಅವರು ಆ ಉತ್ತರವನ್ನು ನೋಡುವುದೇ ಇಲ್ಲ ಎಂಬುದು ನನಗೆ ಖಾತ್ರಿ ಇತ್ತು. ಎದ್ದು, ಕೋಣೆ ಕೋಣೆಗೆ ಹೊರಟೆ. ಕೈಯಲ್ಲಿ ಟಿಫನ್ ಡಬ್ಬಿಯೊಂದು ಇರಲಿಲ್ಲ, ಅಷ್ಟೇ.

ಇಳಿದರೆ ಸಾಲದು ಎಂಬುದು ಮೊದಲ ಕೋಣೆಯಲ್ಲೇ ತಿಳಿಯಿತು. ಮೇಡಂಗಿಂತ ಕೆಳಗೆ ಇಳಿಯಲು ಅವರು ಜಾಗವನ್ನೇ ಉಳಿಸಿರಲಿಲ್ಲ. ಅಲ್ಲಿದ್ದ ಸಂಶೋಧನೆಯ ಹುಡುಗಿ ತಲೆ ಕೆರೆದುಕೊಂಡು ಹೇಳಿದಳು, "ಹೋಲ್ಡ್ ಮಾಡಿದ್ರೆ ಆಗುತ್ತಲ್ವಾ?" ಹೋಲ್ಡ್ ಎಂದರೆ ಕೆಲಸ ಸಾಲಿನಿಂದ ಪಕ್ಕಕ್ಕೆ ಸರಿದು ನಿಲ್ಲುತ್ತದೆ, ಹಾಕಿದವರೇ ಬಿಡುಗಡೆ ಮಾಡುವವರೆಗೆ ಮುಂದಕ್ಕೆ ಹೋಗುವುದಿಲ್ಲ. ಅವಳು ನನ್ನ ಎದುರಿಗೇ ತನ್ನದನ್ನು ಸರಿಸಿದಳು. ಅವಳು ಮೇಡಂ ಅವರನ್ನು ನೋಡಿಯೇ ಇರಲಿಲ್ಲ, ಕೇಳಿದ್ದಳು ಅಷ್ಟೇ.

ಭೌತಶಾಸ್ತ್ರದ ಮೇಷ್ಟ್ರ ಕೋಣೆಗೆ ಕೊನೆಯಲ್ಲಿ ಹೋದೆ. ಗೊಣಗುತ್ತ ಇಳಿದಿದ್ದ ಆ ಯುವಕ ಈಗ ವಿಭಾಗದ ಮುಖ್ಯಸ್ಥ. ಸಾಲಿನಲ್ಲಿ ಎಲ್ಲರಿಗಿಂತ ದೊಡ್ಡ ಕೆಲಸ ಅವನದೇ. ನಾನು ಬಾಯಿ ತೆರೆಯುವ ಮೊದಲೇ ಕೈ ಎತ್ತಿದ.

"ಗೊತ್ತಾಯ್ತು ಕಣ್ರೀ. ಆಗಲೇ ಹೋಲ್ಡ್ ಮಾಡಿದೀನಿ. ನೀವು ಎತ್ತಿದ್ರಾ ಅಂತ ಮೇಡಂ ಕೇಳ್ತಾರೆ, ಇಲ್ಲ ಅಂತ ಧೈರ್ಯವಾಗಿ ಹೇಳಿ."

ಆಗಲೇ ಓಡುತ್ತಿದ್ದ ಕೆಲಸಗಳು ಒಂದೊಂದಾಗಿ ಮುಗಿದವು. ಬುಧವಾರ ಮಧ್ಯಾಹ್ನ ಸಾಲಿನಲ್ಲಿ ಎಲ್ಲರೂ ಪಕ್ಕಕ್ಕೆ ನಿಂತಿದ್ದರು, ಮೇಡಂ ಅವರ ಕೆಲಸ ಅರ್ಧ ಕ್ಲಸ್ಟರಿನ ಮೇಲೆ ಓಡಲು ಶುರುವಾಯಿತು. ನನಗೆ ಕುಣಿಯುವಷ್ಟು ಖುಷಿ. ಅಷ್ಟರಲ್ಲಿ ಫೋನು.

"ಯಾರ್ರೀ ಅಲ್ಲಿ ಅಡ್ಮಿನ್ನು? ಅರ್ಧ ಮೆಷಿನ್ನು ಖಾಲಿ ಬಿದ್ದೈತೆ! ಕಣ್ ಕಾಣ್ಸಲ್ವಾ?"

"ನಾನೇ ಮೇಡಂ."

"ಅಷ್ಟುದ್ದ ಸಾಲು ಇತ್ತಲ್ಲೇ ಸೋಮವಾರ, ಎಲ್ಲೋಯ್ತು?" ಎಂದರು. ಅಷ್ಟರಲ್ಲಿ ಅವರ ಪರದೆಯ ಮೇಲೂ ಕಂಡಿರಬೇಕು, ಪ್ರತಿಯೊಂದು ಹೆಸರಿನ ಮುಂದೆ ಹೋಲ್ಡ್ ಎಂದು. "ನೀನ್ ಎತ್ತಿದ್ಯಾ?"

"ಇಲ್ಲ ಮೇಡಂ. ಅವರೇ ಸರಿದು ನಿಂತ್ರು."

ಅವರು ಅಳುತ್ತಿದ್ದರೋ ಏನೋ, ನಾನಂತೂ ಅಳುತ್ತಿದ್ದೆ. ಆಮೇಲೆ ಜೋರಾಗಿಯೇ ಹೇಳಿದರು, "ನಾನ್ ಕೂತಾಯ್ತಲ್ಲ, ಇನ್ನೂ ಯಾಕ್ ನಿಂತವ್ರೆ? ಪಕ್ಕದ್ ಮೇಜೆಲ್ಲ ಖಾಲಿ ಐತೆ. ಕೂರ್ಸೇ ಎಲ್ರನ್ನೂ!"

ಕೂರಿಸಿದೆ. ಎಲ್ಲರೂ ಹೋಲ್ಡ್ ತೆಗೆದು, ತಮ್ಮ ಕೆಲಸಗಳನ್ನು ಶುಕ್ರವಾರದೊಳಗೆ ಮುಗಿಯುವಷ್ಟಕ್ಕೆ ಚಿಕ್ಕದು ಮಾಡಿ ಮತ್ತೆ ಹಾಕಿದರು. ಇಡೀ ಕ್ಲಸ್ಟರು ಶುಕ್ರವಾರ ಬೆಳಗಿನವರೆಗೆ ಒಂದು ಮೆಷಿನ್ನೂ ಖಾಲಿ ಇಲ್ಲದೆ ಓಡಿತು.

ಶುಕ್ರವಾರ ಆರಿಸುವ ಸಮಾರಂಭ. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರೂ ಸೇರಿದರು. ಹಳೆಯ ನಿರ್ದೇಶಕರೇ ಮುಖ್ಯ ಅತಿಥಿ. ಮೇಡಂ ಸ್ವೆಟರ್ ಹಾಕಿಕೊಂಡೇ ಬಂದಿದ್ದರು. ಮಿಕ್ಕವರದ್ದೆಲ್ಲ ಮುಗಿದಿತ್ತು. ಓಡುತ್ತಿದ್ದದ್ದು ಒಂದೇ, ಮೇಡಂ ಅವರದ್ದು. ಅವರು ಕೇಳಿದ್ದ ಹೊತ್ತು ಮುಗಿಯಲು ಇನ್ನೂ ಸಮಯವಿತ್ತು.

"ನಂದೇ ತಾನೇ, ನಿಲ್ಸಮ್ಮ," ಎಂದು ಅವರು ನನ್ನ ಕಿವಿಯಲ್ಲಿ ಹೇಳಿದರು. "ದೊಡ್ಡೋರು ಕಾಯ್ತಾ ಅವ್ರೆ."

"ಕೇಳಿದ ಹೊತ್ತು ಮುಗಿಯೋವರೆಗೆ ಓಡ್ತಾ ಇರೋದನ್ನ ಯಾರೂ ಮುಟ್ಟೋ ಹಾಗಿಲ್ಲ ಮೇಡಂ. ನೀವೇ ಹೇಳ್ಕೊಟ್ಟಿದ್ದು."

ಹಳೆಯ ನಿರ್ದೇಶಕರಿಗೆ ಇದು ಕೇಳಿಸಿತು. ಕುರ್ಚಿ ಎಳೆದುಕೊಂಡು ಆರಾಮವಾಗಿ ಕೂತರು. "ಅವರ ಸಾಲಿನಲ್ಲಿ ಕಾದು ನನಗೆ ಅಭ್ಯಾಸ ಇದೆ. ಕಾಫಿ ತರಿಸಿ," ಎಂದರು.

ಕಾಫಿ ಬಂತು, ಎರಡನೇ ಸಲವೂ ಬಂತು. ಯಾರೂ ಎದ್ದು ಹೋಗಲಿಲ್ಲ. ಕೇಳಿದ ಹೊತ್ತಿಗೆ ಸ್ವಲ್ಪ ಮುಂಚೆ ಕೆಲಸ ತಾನಾಗಿ ಮುಗಿಯಿತು. ಚಿತ್ರ ಪರದೆಯ ಮೇಲೆ ತೆರೆದೆ. ಕೆಸರು ನೆನೆದು ಒಣಗಿ, ನೆನೆದು ಒಣಗಿ, ಮೂಲೆಗಳೆಲ್ಲ ಸರಿದುಕೊಂಡು, ಈ ತುದಿಯಿಂದ ಆ ತುದಿಗೆ ಜೇನುಗೂಡು ಹರಡಿತ್ತು. ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಬರುತ್ತೆ ಅಂತ ಗೊತ್ತಿತ್ತು," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಸಾಲಲ್ಲಿ ಯಾರಾದ್ರೂ ಅವ್ರಾ?"

"ಯಾರೂ ಇಲ್ಲ ಮೇಡಂ."

"ಸರಿಯಾಗ್ ನೋಡು."

ನೋಡಿದೆ. ನಿಜಕ್ಕೂ ಯಾರೂ ಇರಲಿಲ್ಲ.

"ಹಂಗಾದ್ರೆ ಆರ್ಸು."

ಆರಿಸಿದೆ. ಹಸಿರು ದೀಪಗಳು ಹೋದವು, ಫ್ಯಾನುಗಳು ನಿಂತವು, ಎಸಿಯೂ ನಿಂತಿತು. ಅಷ್ಟು ಜನ ಕೂತಿದ್ದ ಆ ಕೋಣೆ ನಿಧಾನವಾಗಿ ಬೆಚ್ಚಗಾಯಿತು. ಮೇಡಂ ಒಂದೊಂದೇ ಗುಂಡಿ ಬಿಚ್ಚಿ ಸ್ವೆಟರ್ ತೆಗೆದು, ಮಡಿಸಿ, ನನ್ನ ಕೈಗೆ ಕೊಟ್ಟರು.